ಉಗುರು ಬೆಚ್ಚಗಿನ ನೀರು

ಬೆಳಗ್ಗೆ ಬಚ್ಚಲಲ್ಲಿ ಬಕೆಟ್ಟಿಗೆ ಮೂರು ಸಲ ತಣ್ಣೀರು ಬೆರೆಸಿದರೂ ಗುರುರಾಜನಿಗೆ ಸಮಾಧಾನವಾಗಲಿಲ್ಲ. ಕೈ ಅದ್ದುವುದು, ತೆಗೆಯುವುದು, ಇನ್ನೊಂದು ತಂಬಿಗೆ ಸುರಿಯುವುದು. ಹೊರಗಿನಿಂದ ಹೆಂಡತಿ ಸಾವಿತ್ರೀಬಾಯಿ, ಸ್ನಾನ ಮಾಡ್ತೀರೋ ಕಷಾಯ ಕಾಸ್ತೀರೋ ಎಂದು ಚೇಷ್ಟೆ ಮಾಡಿದಳು. ಕೊನೆಗೆ ಪುಷ್ಯ ಮಾಸದ ಚಳಿಯಲ್ಲಿ ಬರೀ ತಣ್ಣೀರನ್ನೇ ಮೈಮೇಲೆ ಹೊಯ್ದುಕೊಂಡು, ಹಲ್ಲು ಕಟಕಟ ಎನ್ನುತ್ತಿರುವಾಗಲೇ ಸಂಧ್ಯಾವಂದನೆಗೆ ಕುಳಿತ. ಆಚಮನಕ್ಕೆಂದು ಬಲಗೈ ಮಡಿಸಿ ನೀರು ಹಾಕಿಕೊಂಡಾಗ ಆ ಕೈ ತನ್ನದಲ್ಲ, ಯಾರೋ ಮರೆತು ಬಿಟ್ಟುಹೋದದ್ದು ಅನ್ನಿಸಿತು. ಮಂತ್ರ ಎಲ್ಲಿಗೆ ಬಂದಿತ್ತೆಂಬುದೇ ಮರೆತುಹೋಗಿ ಮತ್ತೆ ಮೊದಲಿನಿಂದ ಶುರುಮಾಡಿದ. ಎರಡನೆಯ ಸಲವೂ ಅದೇ ಜಾಗದಲ್ಲಿ ತಪ್ಪಿತು.

ಈಗ ಹುಮನಾಬಾದ್ ರಸ್ತೆಯ ಬಸ್ಸಿನಲ್ಲಿ ಕಿಟಕಿಗೆ ಆನಿಕೊಂಡು ಕುಳಿತಿದ್ದಾನೆ, ತೊಡೆಯ ಮೇಲೆ ಕಚೇರಿಯ ಫೈಲು. ಬುದ್ಧಿ ಮಗುವಿನದಾಗಿಯೇ ಉಳಿದು ಮೈ ಮಾತ್ರ ಬೆಳೆದ ಹನ್ನೆರಡು ಗಂಡಸರು ಒಟ್ಟಿಗಿರುವ ಮನೆ ಕಮಲಾಪುರದಲ್ಲಿ ಒಂದಿದೆ. ವರ್ಷಕ್ಕೊಮ್ಮೆ ಕಲಬುರ್ಗಿಯಿಂದ ಹೋಗಿ, ಗೋಡೆಗೆ ಸುಣ್ಣ ಹೊಡೆದಿದೆಯೇ, ಬೇಳೆ ಬೆಂದಿದೆಯೇ, ಬಾಗಿಲಿಗೆ ಅಗುಳಿ ಇದೆಯೇ ಎಂದು ನೋಡಿ, ಇಪ್ಪತ್ತೆರಡು ಪ್ರಶ್ನೆಗಳ ಮುಂದೆ ಹೌದು ಅಥವಾ ಇಲ್ಲ ಎಂದು ಬರೆಯುವುದು ತನಿಖಾಧಿಕಾರಿಯಾದ ಗುರುರಾಜನ ಕೆಲಸ. ಈ ಸಲ ಹೋಗುತ್ತಿರುವುದು ವರ್ಷದ ಲೆಕ್ಕಕ್ಕಲ್ಲ. ಹತ್ತು ದಿನದ ಹಿಂದೆ ಅಲ್ಲಿಯ ಲಾಲ್ ಅಹ್ಮದ್ ಎಂಬವನ ಬೆನ್ನು, ಸೊಂಟ ಸ್ನಾನದ ಬಿಸಿನೀರಿನಿಂದ ಸುಟ್ಟುಹೋಗಿವೆ. ಅದು ಹೇಗಾಯಿತು, ಯಾರಿಂದಾಯಿತು ಎಂಬ ವರದಿ ನಾಳೆ ಸಾಹೇಬರ ಮೇಜಿನ ಮೇಲಿರಬೇಕು. ಫೈಲಿನಲ್ಲಿ ಹೋದ ವರ್ಷದ ತನಿಖೆಯ ಹಾಳೆಯೂ ಇದೆ. ಹದಿನಾಲ್ಕನೆಯ ಪ್ರಶ್ನೆ: ಸ್ನಾನದ ನೀರಿನ ಬಿಸಿಯನ್ನು ಸಿಬ್ಬಂದಿ ನೋಡುವರೇ, ತನಿಖಾಧಿಕಾರಿ ಸ್ವತಃ ಕೈಯಿಟ್ಟು ಖಾತ್ರಿ ಮಾಡಿಕೊಂಡಿರುವರೇ. ಅದರ ಮುಂದೆ ಅವನದೇ ದುಂಡು ಅಕ್ಷರ: ಹೌದು, ಸ್ವತಃ ನೋಡಿದ್ದೇನೆ, ಪದ್ಧತಿ ಸಮರ್ಪಕವಾಗಿದೆ. ಅವನು ನೋಡಿರಲಿಲ್ಲ.

ಆವತ್ತು ಆ ಮನೆಯ ಅಡುಗೆಯ ಹೆಂಗಸು ಸಕ್ಕೂಬಾಯಿ, ಹನ್ನೆರಡು ಜನರಿಗೂ ಮೈ ತೊಳೆಸುವವಳು ಅವಳೇ, ಬಕೆಟ್ಟಿನಲ್ಲಿ ಮೊಣಕೈತನಕ ಕೈ ಇಳಿಬಿಟ್ಟು, ಉಗುರು ಬೆಚ್ಚಗ ಅದರಿ, ನೀವೂ ನೋಡ್ರಿ ಎಂದು ಬಕೆಟ್ಟನ್ನು ಅವನ ಕಡೆ ಜರುಗಿಸಿದ್ದಳು. ಅವನು ಕೈ ಚಾಚಿದ್ದ. ನೀರಿಗೆ ಒಂದು ಗೇಣು ಇದ್ದಾಗ ಹಿಂತೆಗೆದಿದ್ದ. ಕೈಗಡಿಯಾರ ನೀರು ಕುಡಿದೀತು ಎಂದು ಬಾಯಿಬಿಟ್ಟು ಹೇಳಿದ್ದು ಕೂಡ ನೆನಪಿದೆ. ವರ್ಷವಿಡೀ ಅದನ್ನೇ ನಂಬಿಕೊಂಡೂ ಇದ್ದ. ಆದರೆ ಗಡಿಯಾರ ಕಟ್ಟಿದ್ದು ಎಡಗೈಗೆ, ಚಾಚಿ ಹಿಂತೆಗೆದದ್ದು ಬಲಗೈ. ಇದು ಅವನಿಗೆ ಹೊಳೆದದ್ದು ಮೊನ್ನೆ, ಆಸ್ಪತ್ರೆಯ ಕಾಗದ ಕೈಗೆ ಬಂದಾಗ. ಆ ಬಚ್ಚಲ ಫರಸಿಯ ಮೇಲೆ ಅವರಲ್ಲೊಬ್ಬ ಆಗಷ್ಟೇ ಹೊಲಸು ಮಾಡಿಕೊಂಡಿದ್ದ, ಸಕ್ಕೂಬಾಯಿ ಅದೇ ಕೈಯಿಂದ ಬಳಿದು ತೊಳೆದಿದ್ದಳು. ಅಂಥ ಮನೆಗಳಿಗೆ ಹೋಗಿಬಂದ ದಿನ ತಾಯಿ ಪಾರ್ವತೀಬಾಯಿ, ಆಗಿನ್ನೂ ಇದ್ದಳು, ಹಿತ್ತಲಲ್ಲೇ ನಿಲ್ಲಿಸಿ ಅವನ ತಲೆಮೇಲೆ ನೀರು ಸುರಿದು ಒಳಗೆ ಬಿಡುತ್ತಿದ್ದಳು. ಅವನು ಅದನ್ನು ಗೆಳೆಯರ ಮುಂದೆ ಹೇಳಿ ನಗುತ್ತಿದ್ದ. ನಕ್ಕರೂ ಹಿತ್ತಲಲ್ಲಿ ನಿಲ್ಲುವುದನ್ನು ಬಿಟ್ಟಿರಲಿಲ್ಲ. ಅಸಹ್ಯ ಎಂಬುದು ತಾಯಿಯದು, ತನ್ನದು ಗಡಿಯಾರ ಎಂದು ಎಷ್ಟು ಚೆನ್ನಾಗಿ ಪಾಲು ಮಾಡಿಕೊಂಡಿದ್ದ.

ಬಸ್ಸು ತಗ್ಗಿಗೆ ಇಳಿದು ಎದ್ದಾಗ ಫೈಲು ಜಾರಿ ಹಾಳೆಗಳೆಲ್ಲ ಕಾಲಡಿ ಚದುರಿದವು. ಮುಂದಿನ ಸೀಟಿನಲ್ಲಿದ್ದ ಬುರ್ಖಾದ ಹೆಂಗಸು ಬಗ್ಗಿ ಒಂದೊಂದೇ ಆರಿಸಿ, ಧೂಳು ಒರೆಸಿ ಕೊಟ್ಟಳು. ಮುಸುಕು ಎತ್ತಿದ್ದ ಮುಖ ನೋಡಿ ಅವನಿಗೆ ಗುರುತು ಸಿಕ್ಕಿತು. ಅಕ್ಬರಿ ಬೇಗಂ, ಲಾಲ್ ಅಹ್ಮದನ ಅಕ್ಕ. ಕಲಬುರ್ಗಿಯ ರೋಜಾ ಮೊಹಲ್ಲಾದಲ್ಲಿ ಟೋಪಿ ಹೊಲಿದು ದರ್ಗಾದ ಅಂಗಡಿಗಳಿಗೆ ಕೊಡುವವಳು. ಹೋದ ವಾರ ಕಚೇರಿಯ ಮೆಟ್ಟಿಲ ಮೇಲೆ ಇಡೀ ಮಧ್ಯಾಹ್ನ ಕುಳಿತಿದ್ದಳು, ಅವನು ಹಿಂದಿನ ಬಾಗಿಲಿನಿಂದ ಮನೆಗೆ ಹೋಗಿದ್ದ. ಅವಳಿಗೆ ಅವನ ಗುರುತಿಲ್ಲ. ಆಕೆಯ ಕೈಯಲ್ಲಿದ್ದ ಹಾಳೆ ಹೋದ ವರ್ಷದ್ದೇ, ಹದಿನಾಲ್ಕನೆಯ ಸಾಲು ಹೆಬ್ಬೆರಳಿನ ಕೆಳಗೇ ಇತ್ತು. ಕನ್ನಡ ಓದಲು ಬರುವುದಿಲ್ಲವೆಂದು ಗೊತ್ತಿದ್ದರೂ ಅವನು ಹಾಳೆಯನ್ನು ಕಸಿದುಕೊಂಡಂತೆ ತೆಗೆದುಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಕಥೆ ಇದೇ ಎಂದುಕೊಂಡ. ಆಕೆ ಅವನ ಒರಟುತನಕ್ಕೆ ಬೇಸರಪಟ್ಟಂತೆಯೂ ಕಾಣಲಿಲ್ಲ. ದೊಡ್ಡ ಕಾಗದ ಹಿಡಿದವರು ಹಾಗೇ ಇರುತ್ತಾರೆಂದು ಆಕೆಗೆ ರೂಢಿಯಾಗಿರಬೇಕು.

ಮನೆಯ ವ್ಯವಸ್ಥಾಪಕ ಖಂಡೆಪ್ಪ ಅಂಗಳದಲ್ಲೇ ಕಾದಿದ್ದ. ಮಾತಿನ ಮನುಷ್ಯ. ಮುಖ ತೊಳೆಯಲು ನೀರು ಕೊಡುವ ಮೊದಲೇ ಉತ್ತರ ಕೊಟ್ಟುಬಿಟ್ಟ: ಆವತ್ತು ಲಾಲ್ ಅಹ್ಮದ್ ಯಾರ ಮಾತೂ ಕೇಳದೆ ಹಂಡೆಗೆ ಚೊಂಬು ಅದ್ದಿ ತಾನೇ ಮೈಮೇಲೆ ಸುರಿದುಕೊಂಡ, ಸಕ್ಕೂಬಾಯಿ ಓಡಿಬರುವಷ್ಟರಲ್ಲಿ ಆಗಬಾರದ್ದು ಆಗಿತ್ತು. ಹಾಗೆ ಬರೆದರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ ಎಂಬುದನ್ನು ಮುಖದಲ್ಲೇ ಬರೆದುಕೊಂಡು ನಿಂತಿದ್ದ. ನೀರಿನ ಬಿಸಿ ನೋಡಲು ಕಚೇರಿಯಿಂದ ಕಳಿಸಿದ ಥರ್ಮಾಮೀಟರ್ ಎಲ್ಲಿ ಎಂದು ಗುರುರಾಜ ಕೇಳಿದ್ದಕ್ಕೆ ಕಪಾಟಿನ ಬೀಗ ತೆಗೆದು ತೋರಿಸಿದ. ಪೆಟ್ಟಿಗೆಯ ಮೇಲೆ ದಾಸ್ತಾನಿನ ನಂಬರನ್ನು ಅಂದವಾಗಿ ಬಿಳಿ ಬಣ್ಣದಲ್ಲಿ ಬರೆಸಿದ್ದ. ಒಡೆದರೆ ತಾನೇ ಜವಾಬ್ದಾರ ಎಂದು ಇನ್ನೂ ಅಂಟು ಬಿಚ್ಚಿರಲಿಲ್ಲ. ನಗು ಬರಬೇಕಾದ ಮಾತು, ಗುರುರಾಜ ಕಪಾಟಿನ ಬಾಗಿಲನ್ನು ತಾನೇ ಮುಚ್ಚಿದ, ಯಾಕೆಂದರೆ ಆ ಪೆಟ್ಟಿಗೆ ಹೋದ ವರ್ಷವೂ ಅದೇ ಜಾಗದಲ್ಲಿತ್ತು. ಅವನು ನೋಡಿ, ಇದೆ ಎಂದು ಬರೆದುಕೊಂಡಿದ್ದ.

ಒಳಕೋಣೆಯಲ್ಲಿ ಲಾಲ್ ಅಹ್ಮದ್ ಬೋರಲು ಮಲಗಿದ್ದ. ಮೂವತ್ತೈದರ ಗಂಡಸು, ಗಡ್ಡದಲ್ಲಿ ಒಂದೆರಡು ನರೆ. ಬೆನ್ನಿನ ಮೇಲೆ ಭುಜದಿಂದ ಸೊಂಟದವರೆಗೆ ಪಟ್ಟಿ, ಅಂಚಿನಲ್ಲಿ ಹಳದಿ ನೀರು ಜಿನುಗಿತ್ತು. ಪಕ್ಕದಲ್ಲಿ ಅಕ್ಬರಿ ಬೇಗಂ ಆಗಲೇ ಬಂದು ಡಬ್ಬಿ ಬಿಚ್ಚಿ ಅನ್ನ ಕಲಸುತ್ತಿದ್ದಳು. ಬಸ್ಸಿನಲ್ಲಿ ಕಂಡ ದೊಡ್ಡ ಮನುಷ್ಯನೇ ಸಾಹೇಬ ಎಂದು ತಿಳಿದದ್ದೇ ತಡ, ಎದ್ದು ಗೋಡೆಗೆ ಸರಿದು ನಿಂತಳು. ಲಾಲ್ ಅಹ್ಮದನಿಗೆ ಬರುವುದು ಬೆರಳೆಣಿಕೆಯ ಮಾತು. ಕುತ್ತಿಗೆ ಹೊರಳಿಸಿ ಗುರುರಾಜನನ್ನು ನೋಡಿ ತನ್ನ ಪ್ರಶ್ನೆ ಕೇಳಿದ, ಚಾ ಆತಾ. ಹೋದ ವರ್ಷವೂ ಅದನ್ನೇ ಕೇಳಿದ್ದ. ಆ ಮನೆಯಲ್ಲಿ ನೀರೂ ಮುಟ್ಟದ ಗುರುರಾಜ, ಆಯಿತಪ್ಪಾ ಎಂದಿದ್ದ. ಈಗಲೂ ಆಯಿತು ಎಂದ. ಲಾಲ್ ಅಹ್ಮದನಿಗೆ ಅದರಿಂದ ನಿಜವಾಗಿ ಸಂತೋಷವಾಯಿತು, ಅರ್ಧ ಮಗ್ಗುಲಾಗಿ ಕೈ ಚಾಚಿ ಅವನ ಬೆರಳು ಹಿಡಿದ. ಬೆವರು, ಮುಲಾಮು, ಅನ್ನದ ಅಂಟು. ಬಿಡಿಸಿಕೊಳ್ಳಬೇಕೆಂದು ಕೈ ಹೇಳುತ್ತಿತ್ತು, ಬಿಡಿಸಿಕೊಂಡರೆ ಅಕ್ಕ ನೋಡುತ್ತಾಳೆ. ನಾಚಿಕೆಯಿಂದ ನಿಂತೇ ಇದ್ದ. ನಿಂತಾಗ ಕಂಡಿತು: ಲಾಲ್ ಅಹ್ಮದನ ಬರಿ ಎದೆಯ ಮೇಲೆ, ಹೊಟ್ಟೆಯ ಮೇಲೆ ಒಂದು ಹನಿಯ ಗುರುತೂ ಇಲ್ಲ. ತಾನೇ ಸುರಿದುಕೊಂಡವನಿಗೆ ಬೆನ್ನೊಂದೇ ಹೇಗೆ ಸುಡುತ್ತದೆ. ಯಾರೋ ಹಿಂದೆ ನಿಂತು ಸುರಿದಿದ್ದಾರೆ, ಒಂದು ಸಲವಲ್ಲ, ಎರಡು ಮೂರು ಸಲ.

ಅಡುಗೆಮನೆಯಲ್ಲಿ ಸಕ್ಕೂಬಾಯಿ ರೊಟ್ಟಿ ಬಡಿಯುತ್ತಿದ್ದಳು. ಐವತ್ತು ದಾಟಿದ ವಿಧವೆ, ತೆಳ್ಳನೆ ಮೈ, ಮೊಣಕೈಯಿಂದ ಕೆಳಗೆ ಮಾತ್ರ ಗಂಡಸಿನ ಕೈ. ಹನ್ನೆರಡು ಜನರಿಗೆ ಹೊತ್ತಿಗೆ ಐವತ್ತು ರೊಟ್ಟಿ. ಅವನು ಬಾಗಿಲಲ್ಲಿ ನಿಂತದ್ದು ತಿಳಿದರೂ ಎದ್ದೇಳಲಿಲ್ಲ, ಹೆಂಚಿನ ಮೇಲೊಂದು ಇದೆ, ಸೀದೀತು ಎಂದಳು. ಅಂಗೈಯಿಂದ ನೀರು ಸವರಿದಳು, ಬುಸ್ ಎಂದಿತು, ಬೆರಳಲ್ಲೇ ತಿರುವಿದಳು. ಆಮೇಲೆ ರೊಟ್ಟಿಯನ್ನು ಒಲೆಯ ಬಾಯಲ್ಲಿ ಕೆಂಡಕ್ಕೆ ಆನಿಸಿ ನಿಲ್ಲಿಸಿ, ಉಬ್ಬಿದಾಗ ಬರಿಗೈಯಿಂದ ಎತ್ತಿ ಬುಟ್ಟಿಗೆ ಹಾಕಿದಳು. ಒಂದು ಕೆಂಡ ಜಾರಿ ಹೊರಬಂತು. ಅದನ್ನೂ ಎರಡು ಬೆರಳಲ್ಲಿ ಹಿಡಿದು, ಅವಸರವೇ ಇಲ್ಲದೆ, ಒಳಗಿಟ್ಟಳು. ಗುರುರಾಜ ಆ ಬೆರಳುಗಳನ್ನೇ ನೋಡಿದ. ಅವನ ತಾಯಿಯ ಕೈ ಹಾಗಿರಲಿಲ್ಲ, ಹೆಂಡತಿಯದೂ ಅಲ್ಲ, ಅವರ ಮನೆಯಲ್ಲಿ ಅನ್ನ ಮತ್ತು ಚಪಾತಿ. ಮೂವತ್ತು ವರ್ಷ ಕೆಂಡದ ಜೊತೆ ಮಾತಾಡಿದ ಈ ಕೈಗೆ ಬಿಸಿ ಎಂಬುದು ತಿಳಿಯುವುದೇ ಇಲ್ಲ. ಈ ಕೈಯೇ ಹನ್ನೆರಡು ಜನರ ಬಕೆಟ್ಟಿಗೆ ಇಳಿದು ಉಗುರು ಬೆಚ್ಚಗಿದೆ ಎಂದು ಹೇಳುತ್ತದೆ. ಅದು ಸುಳ್ಳಲ್ಲ. ಅವಳಿಗೆ ಹಾಗೇ ಇರುತ್ತದೆ. ಅವನು ಅಲ್ಲಿದ್ದ ಹಿಟ್ಟಿನ ಡಬ್ಬಿಯ ಮೇಲೆ ಕುಳಿತುಬಿಟ್ಟ.

ಅವನು ಕೇಳುವ ಮೊದಲೇ ಅವಳು ಹೇಳತೊಡಗಿದಳು. ಆ ವಾರ ಚಳಿ ಹೆಚ್ಚೆಂದು ಒಂದು ಕಟ್ಟಿಗೆ ಜಾಸ್ತಿ ಹಾಕಿದ್ದಳಂತೆ. ಕೈಯಿಟ್ಟು ನೋಡಿಯೇ ಸುರಿದಳಂತೆ. ಲಾಲ್ ಅಹ್ಮದ್ ಕೂಗಿದ. ಆದರೆ ಅವನು ನೀರು ಕಂಡರೆ ದಿನಾ ಕೂಗುವವನೇ, ತಣ್ಣೀರಿಗೂ ಕೂಗುತ್ತಾನೆ, ಸಾಬೂನಿಗೂ ಕೂಗುತ್ತಾನೆ. ಆ ಕೂಗಿಗೂ ಈ ಕೂಗಿಗೂ ಅವಳಿಗೆ ವ್ಯತ್ಯಾಸ ತಿಳಿಯಲಿಲ್ಲ. ಎರಡನೆಯ ಚೊಂಬು ಸುರಿದಳು. ಮೂರನೆಯದಕ್ಕೆ ಚರ್ಮ ಎದ್ದುಬಂತು.

“ನನ್ನ ಕೈಗೆ ತಿಳೀಲಿಲ್ರಿ ಸಾಹೇಬ್ರ,” ಎಂದಳು. “ಖಂಡೆಪ್ಪನೋರು ಬ್ಯಾರೆ ಹೇಳಂತಾರ. ಲಾಲ್ ಅಹ್ಮದ ಮಾತಾಡಾವಲ್ಲ, ಅವನ ಮ್ಯಾಲೆ ಹ್ಯಾಂಗ ಹಾಕಲಿ? ನಾನೇ ಸುರದೀನಿ ಅಂತ ಬರೀರಿ.”

ಇಂಥ ಮಾತು ಕೇಳಿ ಹಗುರಾಗಬೇಕಿತ್ತು. ಅವನಿಗೆ ಸಿಟ್ಟು ಬಂತು. ನಿಜ ಹೇಳುವುದು ಇವಳಿಗೆಷ್ಟು ಸುಲಭ, ಕಳೆದುಕೊಳ್ಳಲು ಇರುವುದು ಒಂದು ಒಲೆ ಮಾತ್ರ ಎಂದು ಮನಸ್ಸಿನಲ್ಲೇ ಚುಚ್ಚಿದ, ಮರುಕ್ಷಣ ಆ ಯೋಚನೆಗೆ ತಾನೇ ಹೇಸಿದ. ಆದರೆ ಅವಳ ಮಾತನ್ನು ಕಾಗದಕ್ಕಿಳಿಸಿದರೆ ಸಾಹೇಬರು ಕೇಳುವ ಮೊದಲ ಪ್ರಶ್ನೆ ಅವಳಿಗಲ್ಲ. ಈ ಕೈಯ ಪದ್ಧತಿ ಸಮರ್ಪಕವೆಂದು ಬರೆದವರು ಯಾರು, ಸ್ವತಃ ನೋಡಿದ್ದೀರಲ್ಲ, ನಿಮ್ಮ ಕೈಗೆ ಏನು ತಿಳಿಯಿತು ಎನ್ನುತ್ತಾರೆ. ಯುಗಾದಿಗೆ ಬಡ್ತಿ ಎಂದು ಸಾವಿತ್ರಿ ಆಗಲೇ ತವರಿಗೆ ಪತ್ರ ಹಾಕಿದ್ದಾಳೆ. ಇನ್ನು ಖಂಡೆಪ್ಪನ ಮಾತು ಬರೆದರೆ? ಅದಕ್ಕೂ ಒಂದು ಬೆಲೆಯಿತ್ತು, ಅದು ಖಂಡೆಪ್ಪನಿಗೆ ಗೊತ್ತಿಲ್ಲ, ಗುರುರಾಜನಿಗೆ ಗೊತ್ತು. ತನಗೆ ತಾನೇ ಅಪಾಯ ಮಾಡಿಕೊಳ್ಳುವವನು ಎಂದು ಒಮ್ಮೆ ಬರೆಸಿಕೊಂಡವನನ್ನು ಇಂಥ ಸಣ್ಣ ಮನೆಗಳಲ್ಲಿ ಇಡಕೂಡದೆಂದು ಮೇಲಿನಿಂದ ಸುತ್ತೋಲೆ ಬಂದಿದೆ. ಹದಿನೈದು ದಿನದಲ್ಲಿ ಜೀಪು ಬರುತ್ತದೆ, ರಾಜ್ಯದ ಆ ತುದಿಯಲ್ಲಿ ಬೀಗ ಹಾಕಿದ ವಾರ್ಡಿಗೆ ಒಯ್ಯುತ್ತದೆ. ಎರಡು ವರ್ಷದ ಹಿಂದೆ ಬೇರೊಂದು ಮನೆಯ ಇಮಾಮುದ್ದೀನನನ್ನು, ಗೋಡೆಗೆ ತಲೆ ಬಡಿದುಕೊಳ್ಳುತ್ತಾನೆಂದು, ಗುರುರಾಜನ ಒಂದು ಸಾಲೇ ಅಲ್ಲಿಗೆ ಕಳಿಸಿತ್ತು. ಜೀಪು ಹೊರಟಾಗ ಅವನು ಸೀಟಿನ ಮೇಲೆ ಕುಣಿಯುತ್ತ ಎಲ್ಲರಿಗೂ ಕೈಬೀಸಿದ, ಊರು ತೋರಿಸಲು ಒಯ್ಯುತ್ತಿದ್ದಾರೆಂದು ತಿಳಿದಿದ್ದ. ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡನೆಂಬ ಕಾಗದ ಬಂತು. ಕಾರಣದ ಜಾಗ ಖಾಲಿ ಇತ್ತು. ಗುರುರಾಜ ಅದಕ್ಕೆ ತೂತು ಹಾಕಿ, ದಾರ ಕಟ್ಟಿ, ಫೈಲಿಗೆ ಸೇರಿಸಿದ್ದ.

ಪಡಸಾಲೆಯ ಮೇಜಿನ ಮುಂದೆ ಕುಳಿತು ಪೆನ್ನಿನ ಟೋಪಿ ತೆಗೆದ. ತಾರೀಖು ಹಾಕಿದ. ವಿಷಯ ಎಂದು ಬರೆದು ಅಡಿಗೆರೆ ಎಳೆದ. ಗೆರೆ ಸೊಟ್ಟಗಾಯಿತೆಂದು ಇನ್ನೊಮ್ಮೆ ಎಳೆದ. ಅಂಗಳದ ಬಿಸಿಲಲ್ಲಿ ಉಳಿದ ಹನ್ನೊಂದು ಜನ ಸಾಲಾಗಿ ಕುಳಿತು ಊಟಕ್ಕೆ ಕಾಯುತ್ತಿದ್ದರು. ಒಬ್ಬ ತನ್ನ ತಟ್ಟೆಯಲ್ಲಿ ಮುಖ ನೋಡಿಕೊಂಡು ತಲೆ ಬಾಚುತ್ತಿದ್ದ, ಇನ್ನೊಬ್ಬ ಪಕ್ಕದವನ ಅಂಗಿಯ ಗುಂಡಿಯನ್ನು ಬಹಳ ನಿಧಾನವಾಗಿ ಹಾಕುತ್ತಿದ್ದ. ನಾಳೆ ಬೆಳಗ್ಗೆ ಇವರೆಲ್ಲರಿಗೂ ಸ್ನಾನವಿದೆ. ಕಪಾಟಿನ ಬೀಗ ತೆಗೆಸಿ ಆ ಥರ್ಮಾಮೀಟರನ್ನು ಬಚ್ಚಲಿನಲ್ಲಿ ತಾನೇ ನೇತುಹಾಕಬಹುದು, ಈಗಲೇ, ಎರಡು ನಿಮಿಷದ ಕೆಲಸ. ಹಾಕಿದರೆ ಯಾಕೆ ಹಾಕಿಸಿದಿರಿ ಎಂಬ ಪ್ರಶ್ನೆ ಏಳುತ್ತದೆ. ಅವನು ಎದ್ದೇಳಲಿಲ್ಲ.

ಅಕ್ಬರಿ ಬೇಗಂ ಬಂದು ಕಂಬದ ಹತ್ತಿರ ನಿಂತಳು. ಕುಳಿತುಕೊಳ್ಳಿರಿ ಎಂದರೂ ಕೂರಲಿಲ್ಲ. ಬುರ್ಖಾದ ಅಂಚಿನಲ್ಲಿ ಕೈಯ ಅನ್ನ ಒರೆಸಿಕೊಂಡು, ಯಾರಾದರೂ ಕೇಳಿಸಿಕೊಂಡಾರೆಂದು ಅತ್ತ ಇತ್ತ ನೋಡಿ, ಸಣ್ಣ ದನಿಯಲ್ಲಿ ಹೇಳಿದಳು.

“ಸಾಬ್, ಸಕ್ಕೂಬಾಯಿದು ತಪ್ಪಂತ ಬರದ್ರ ಈ ಮನಿ ಬಂದ್ ಆಗ್ತದಂತ. ಖಂಡೆಪ್ಪನೋರು ಹೇಳಿದ್ರು. ನಂದು ಒಂದು ಖೋಲಿ, ಅದರಾಗ ಐದು ಮಂದಿ. ಇವನ್ನ ಎಲ್ಲಿ ಒಯ್ಲಿ? ಅವನೇ ಸುರಕೊಂಡಾನಂತ ಬರದುಬಿಡ್ರಿ. ಅವಗೇನು ತಿಳೀತದ. ಬ್ಯಾಸರ ಮಾಡ್ಕೊಳ್ಳಂಗಿಲ್ಲ.”

ಗುರುರಾಜನ ಮೈಯೆಲ್ಲ ಸಡಿಲಾಯಿತು. ಎಂಥ ಸಮಾಧಾನ ಅದು, ಬೆಳಗಿನಿಂದ ಹೊತ್ತ ಮೂಟೆಯನ್ನು ಯಾರೋ ಕೇಳಿ ಇಳಿಸಿಕೊಂಡ ಹಾಗೆ. ಸುಟ್ಟವನ ಅಕ್ಕನೇ ಬೇಡುತ್ತಿದ್ದಾಳೆ. ಬಡವರ ಮಾತು ನಡೆಸಿಕೊಟ್ಟಂತಾಯಿತು, ಒಬ್ಬ ವಿಧವೆಯ ಒಲೆ ಉಳಿಯಿತು, ಹನ್ನೆರಡು ಜನರ ಸೂರು ಉಳಿಯಿತು ಎಂದು ಎಷ್ಟು ಬೇಗ ಎಷ್ಟೊಂದು ಪುಣ್ಯ ಕೂಡಿಬಂತು. ಹನ್ನೆರಡಲ್ಲ, ಹನ್ನೊಂದು ಎಂದು ಒಳಗೊಂದು ದನಿ ತಿದ್ದಿತು. ಈಗಲೇ ಸುತ್ತೋಲೆಯ ಮಾತು ಹೇಳಬೇಕು. ತಾಯೀ, ಹಾಗೆ ಬರೆದರೆ ಅವನನ್ನು ಒಯ್ಯುತ್ತಾರೆ, ನಿಜ ಬರೆದರೆ ಮನೆಯೇನೂ ಮುಚ್ಚುವುದಿಲ್ಲ, ಖಂಡೆಪ್ಪ ನಿನ್ನನ್ನು ಹೆದರಿಸಿದ್ದಾನೆ, ಮುಚ್ಚಿದರೆ ನನ್ನ ಬಡ್ತಿಯ ಬಾಗಿಲು ಮುಚ್ಚೀತು ಅಷ್ಟೆ. ಇಷ್ಟೇ ಮಾತು. ನಾಲಿಗೆಯ ತುದಿಯವರೆಗೆ ಬಂತು. ಅವನು ಕೆಮ್ಮಿ, ಕಚೇರಿಯ ದನಿಯಲ್ಲಿ, ವಿಚಾರ ಮಾಡಿಯೇ ಹೇಳಲಾಕತ್ತೀರೇನು, ಆಮೇಲೆ ತಿರುಗಿ ಹೇಳಬಾರದು ಎಂದ. ಆಕೆ ತಲೆಯಾಡಿಸಿದಳು. ಹಾಗೆ ಕೇಳಿದ್ದು ಎಚ್ಚರಿಕೆಯಲ್ಲ, ಕೈ ತೊಳೆದುಕೊಂಡದ್ದು ಎಂದು ಕೇಳುತ್ತಿರುವಾಗಲೇ ಅವನಿಗೆ ತಿಳಿದಿತ್ತು.

ಬರೆಯತೊಡಗಿದರೆ ಅಕ್ಷರ ನಿಲ್ಲಲೇ ಇಲ್ಲ, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಾಗಿತು. ನಿವಾಸಿಯು ಸಿಬ್ಬಂದಿಯ ಸೂಚನೆ ಮೀರಿ ಹಂಡೆಯ ನೀರನ್ನು ತಾನೇ ಮೈಮೇಲೆ ಸುರಿದುಕೊಂಡಿರುವನು. ತನಗೆ ತಾನೇ ಅಪಾಯ ಮಾಡಿಕೊಳ್ಳುವ ಪ್ರವೃತ್ತಿ ಕಂಡುಬರುತ್ತದೆ. ಸ್ನಾನದ ಪದ್ಧತಿಯಲ್ಲಿ ಲೋಪವಿಲ್ಲ. ಬೆನ್ನಿನ ಮಾತು ಬರೆಯಲಿಲ್ಲ, ಎದೆಯ ಮಾತೂ ಬರೆಯಲಿಲ್ಲ. ಕೊನೆಯ ಸಾಲು: ಸುತ್ತೋಲೆಯಂತೆ ಸ್ಥಳಾಂತರದ ಕ್ರಮಕ್ಕಾಗಿ. ಅದನ್ನು ಬರೆಯದೆ ಬಿಡಲು ಬರುವುದಿಲ್ಲ, ಬಿಟ್ಟರೆ ಮೇಲಿನವರು ತಿರುಗಿಸಿ ಕಳಿಸುತ್ತಾರೆ, ಬೇರೊಬ್ಬ ಬಂದು ಮೊದಲಿನಿಂದ ತನಿಖೆ ಮಾಡುತ್ತಾನೆ. ಸಕ್ಕೂಬಾಯಿ ರೊಟ್ಟಿಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಅಂಗಳಕ್ಕೆ ಹೋಗುವಾಗ ನಿಂತು, ನಂದು ಬರದ್ರೇನ್ರಿ ಎಂದು ಕೇಳಿದಳು. ನಿನ್ನ ಕೆಲಸಕ್ಕ ಏನೂ ಆಗೂದಿಲ್ಲ, ಹೋಗು ಎಂದ. ಅವಳು ಹೋಗಲಿಲ್ಲ. ಅವನ ಮುಖವನ್ನು, ಕಾಗದವನ್ನು, ಮತ್ತೆ ಅವನ ಮುಖವನ್ನು ನೋಡಿದಳು. ಆಮೇಲೆ ಬಡಿಸಲು ಹೋದಳು.

ವರದಿಗೆ ಹತ್ತಿರದ ಸಂಬಂಧಿಯ ಸಹಿ ಬೇಕಿತ್ತು. ಅಕ್ಬರಿ ಬೇಗಂಳಿಗೆ ಅವನು ಓದಿ ಹೇಳಿದ. ತಾನೇ ಸುರಿದುಕೊಂಡಿರುವನು ಎಂಬಲ್ಲಿಗೆ ನಿಲ್ಲಿಸಿ, ಇಷ್ಟ ಅದ ನೋಡ್ರಿ ಎಂದು ಹಾಳೆಯನ್ನು ಆಕೆಯ ಕಡೆ ತಿರುಗಿಸಿದ. ಕೆಳಗಿನ ಸಾಲುಗಳು ಆಕೆಯ ಕಣ್ಣೆದುರೇ ಇದ್ದವು. ಆಕೆ ಪೆನ್ನು ಹಿಡಿದು, ಇನ್ನೂ ಕಾಗದಕ್ಕೆ ತಾಗಿಸದೆ, ತಲೆ ಎತ್ತಿದಳು.

“ಇನ್ನ ಇಲ್ಲೇ ಇರ್ತಾನಲ್ರಿ ಸಾಬ್?”

ಹನ್ನೊಂದು ಜನ ರೊಟ್ಟಿ ಮುರಿಯುವ ಸದ್ದು ಅಂಗಳದಿಂದ ಬರುತ್ತಿತ್ತು. ಗುರುರಾಜ ಆಕೆಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಹಾಗೆ ನೋಡಲು ತನ್ನಿಂದಾದೀತೆಂದು ಅವನಿಗೇ ಗೊತ್ತಿರಲಿಲ್ಲ.

“ಇರ್ತಾನ,” ಎಂದ.

ಆಕೆ ಬಲದಿಂದ ಎಡಕ್ಕೆ, ನಿಧಾನವಾಗಿ, ಉರ್ದುವಿನಲ್ಲಿ ಹೆಸರು ಬರೆದಳು. ಶಾಯಿ ಆರಲೆಂದು ಊದಿದಳು. ಹಾಳೆಯನ್ನು ಎರಡೂ ಕೈಯಿಂದ ಕೊಟ್ಟು, ನಿಮ್ಮ ಮಕ್ಕಳು ಚಂದಿರಲಿ ಎಂದು ಹರಸಿ, ಒಳಗೆ ಹೋದಳು. ತಮ್ಮನ ಮಂಚದ ಹತ್ತಿರ ಕುಳಿತು, ಸಣ್ಣ ಮಗುವಿಗೆ ಹೇಳುವ ಹಾಗೆ, ಒಂದೇ ಮಾತನ್ನು ಉರ್ದುವಿನಲ್ಲಿ ಮತ್ತೆ ಮತ್ತೆ ಹೇಳುವುದು ಗುರುರಾಜನಿಗೆ ಕೇಳಿಸಿತು: ಇಲ್ಲೇ ಇರುತ್ತೀಯಂತೆ, ಎಲ್ಲಿಗೂ ಕಳಿಸುವುದಿಲ್ಲವಂತೆ, ಸಾಹೇಬರು ಹೇಳಿದರು.